ಹದಿನಾಲ್ಕನೆಯ ಸುತ್ತಿನ ಗೋಲು

ಕಿತ್ತಳೆ ಬಣ್ಣದ ಚೆಂಡು ತಂದಿದ್ದಾರೆ ಇವತ್ತು, ಹಿಮ ಬೀಳುತ್ತಿದೆಯಲ್ಲ ಅಲ್ಲಿ, ಬಿಳಿ ಚೆಂಡಾದರೆ ಯಾರ ಕಣ್ಣಿಗೆ ಬಿದ್ದೀತು, ಈ ಚೆಂಡೂ ಸರಿಯಾಗಿ ಕಾಣುತ್ತಿಲ್ಲ, ಕ್ಯಾಮೆರಾದ ಗಾಜಿನ ಮೇಲೇ ಹಿಮ ಕೂತಿದೆ, ಒರಸೋ ಯಪ್ಪಾ ಅದನ್ನ, ಒರಸಿದ್ರ ನಿನ್ನ ಗಂಟೇನ ಹೋಗ್ತೈತಿ — ನಾಲ್ಕು, ಎಡಗಾಲು, ಗಿಡ್ಡ ಪಾಸು, ಆರು, ಬಲಗಾಲು, ಉದ್ದ, ಹೊರಗೆ, ಥ್ರೋ — ಎಂದು ಸಂತೋಷಕುಮಾರ ಮೈಕಿಗೆ ಕೂಗುತ್ತಾನೆ, ಕೂಗಿದ ಬಾಯಿ ಮುಚ್ಚುವ ಮೊದಲೇ ಎಡಗೈ ಚಾಚಿ ಪಕ್ಕದ ಲ್ಯಾಪ್‌ಟಾಪಿನಲ್ಲಿ ತಾನೇ ಅದನ್ನು ಒತ್ತುತ್ತಾನೆ, ನಾರ್ವೆಯಲ್ಲಿ ಸಂಜೆ ಐದು ದಾಟಿದೆ, ಮಿಸಿಸಾಗದ ಈ ಬೇಸ್‌ಮೆಂಟಿನಲ್ಲಿ ಇನ್ನೂ ಬೆಳಗಿನ ಹನ್ನೊಂದೂಕಾಲು, ಮೇಲೆ ಮನೆಯೊಡತಿ ಪಂಜಾಬಿ ಆಂಟಿಯ ಚಪ್ಪಲಿ ಸದ್ದು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ, ಜೀರಿಗೆಯ ಒಗ್ಗರಣೆ, ಇವತ್ತು ಭಾನುವಾರ, ನವೆಂಬರಿನ ಕೊನೆಯ ಭಾನುವಾರ, ನಾರ್ವೆಯ ಮೇಲ್ದರ್ಜೆ ಫುಟ್‌ಬಾಲ್ ಲೀಗಿನ ಮೂವತ್ತನೆಯ ಸುತ್ತು, ಕೊನೆಯ ಸುತ್ತು, ಹದಿನಾರು ತಂಡ, ಎಂಟೂ ಮ್ಯಾಚು ಒಂದೇ ಹೊತ್ತಿಗೆ, ಅದರಲ್ಲಿ ಅವನ ಪಾಲಿಗೆ ಇದೊಂದು. ಈ ಕೆಲಸ ಏನೆಂದು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ, ಚೆಂಡು ಯಾರ ಕಾಲಿಗೆ ಬಂತು, ಯಾವ ಕಾಲು, ಎಲ್ಲಿಗೆ ಹೋಯಿತು, ಮ್ಯಾಚಿಗೆ ಸಾವಿರದೈನೂರು ಸಲ ಒಬ್ಬರು ಕೂಗಬೇಕು, ಇನ್ನೊಬ್ಬರು ಒತ್ತಬೇಕು, ಕೂಗುವವರು ಆಟ ಬಿಟ್ಟು ಕಣ್ಣು ತೆಗೆಯಬಾರದು, ಒತ್ತುವವರು ಕೀಲಿಮಣೆ ಬಿಟ್ಟು ಕಣ್ಣು ಎತ್ತಬಾರದು, ಅದಕ್ಕೇ ಜೋಡಿ, ಕಂಪನಿಯ ಕಾನೂನೇ ಹಾಗೆ, ಪರದೆಯ ನೆತ್ತಿಯ ಮೇಲೆ ಎರಡು ಹೆಸರು, ಎರಡು ಹಸಿರು ದೀಪ, ಎರಡೂ ಹತ್ತದೆ ಮ್ಯಾಚು ತೆರೆದುಕೊಳ್ಳುವುದಿಲ್ಲ. ಎರಡೂ ಹತ್ತಿವೆ. ಸಂತೋಷಕುಮಾರ, ರಾಜೇಶ್ವರಿ. ರಾಜೇಶ್ವರಿಯ ಕುರ್ಚಿಯ ಮೇಲೆ ಒಗೆದ ಬಟ್ಟೆ ಬಿದ್ದಿವೆ, ಅವಳು ಈ ಮನೆ ಬಿಟ್ಟು ಇವತ್ತಿಗೆ ಹದಿಮೂರು ವಾರ, ಅವಳ ಪಾಸ್‌ವರ್ಡು ಇವನಿಗೆ ಗೊತ್ತಲ್ಲ, ದೀಪ ಹಚ್ಚಲು ಅಷ್ಟು ಸಾಕು.

ಥ್ರೋ, ಮೂರು, ತಲೆ, ಸಿಗಲಿಲ್ಲ — ಏಪ್ರಿಲಿನಲ್ಲಿ ಸೀಸನ್ನು ಶುರುವಾದಾಗಲೂ ಹಿಮವೇ ಇತ್ತು, ಗುದ್ದಲಿಯಿಂದ ಕೆರೆದು ಮೈದಾನದ ಅಂಚಿಗೆ ಗುಡ್ಡೆ ಹಾಕಿದ್ದರು, ಚಹಾ ಲೋಟ ಹಿಡಿದು ಬಂದು ಕೂತ ರಾಜೇಶ್ವರಿ ಅಯ್ಯ, ಇಲ್ಲೂ ಅದ, ಅಲ್ಲೂ ಅದ, ಇದನ್ನ ನೋಡಾಕ ಕಂಪ್ಯೂಟರ್ ಯಾಕ ಬೇಕ್ರಿ, ಕಿಟಕ್ಯಾಗ ಕಾಣತೈತಲ್ಲ ಅಂದಿದ್ದಳು. ಕಂಪನಿಯವರು ಒಂದೊಂದು ಜೋಡಿಗೆ ಒಂದೊಂದು ತಂಡ ಹಂಚಿದ್ದರು, ಇವರಿಗೆ ಬಂದದ್ದು ಲಾಂಗ್‌ವಿಕ್, ಬಡಗಣ ತುದಿಯ ಒಂದು ಸಣ್ಣ ಬಂದರು, ಒಂದೇ ಕಡೆ ಗ್ಯಾಲರಿ, ಗೋಲಿನ ಹಿಂದೆ ಮೀನಿನ ಕಾರ್ಖಾನೆ, ಅದರ ಹಿಂದೆ ನೀರು, ಆಟ ನಡೆದಾಗಲೇ ದೋಣಿ ಹಾದು ಹೋಗುತ್ತದೆ, ರಾಜೇಶ್ವರಿ ಕಣ್ಣೆತ್ತಬಾರದಿದ್ದರೂ ಎತ್ತಿ ರೀ, ದ್ವಾಣಿ ಬಂತು ನೋಡ್ರಿ ಅನ್ನುವಳು, ಕೆಳಗ ನೋಡು ರಾಜಿ, ಕೆಳಗ, ಅಂತ ಇವನು. ಆಟಗಾರರ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ, ಇವನ ನಾಲಿಗೆಗೇನು ಹೊರಳಿತ್ತು, ಈ ಹೆಸರ ಹೇಳೂದ್ರಾಗ ಚೆಂಡ ಗೋಲಿನ್ಯಾಗಿರ್ತೈತಿ, ತಡೀರಿ ನಾ ಹೆಸರ ಇಡ್ತೇನಿ ಅಂತ ಎರಡನೆಯ ಸುತ್ತಿಗೇ ಅವಳು ನಾಮಕರಣ ಮುಗಿಸಿಬಿಟ್ಟಳು, ಗೋಲ್‌ಕೀಪರಿನ ಹೆಸರು ನಿಜಲಿಂಗಪ್ಪ, ಅವಳ ಸಾಲೆಯ ಹೆಡ್‌ಮಾಸ್ತರರ ಹೆಸರು, ತಾನೇನೂ ಮಾಡದೆ ನಿಂತಲ್ಲೇ ನಿಂತು ಎಲ್ಲರಿಗೂ ಒದರುತ್ತಿದ್ದರಂತೆ, ಒಂಬತ್ತನೆಯ ನಂಬರಿನ ಫಾರ್ವರ್ಡಿನ ಹೆಸರು ದ್ಯಾಮಣ್ಣ, ಬೆಳಗಾವಿ ಶಹಾಪುರದ ಸೈಕಲ್ ಅಂಗಡಿಯ ದ್ಯಾಮಣ್ಣನ ಹಾಗೇ ಉದ್ದಕ್ಕೆ ಬೆಳೆದು ಬಗ್ಗಿದವನು, ಏನೋ ಬೀಳಿಸಿಕೊಂಡು ಹುಡುಕುವವನ ಹಾಗೆ ನೆಲ ನೋಡಿಕೊಂಡೇ ಓಡುವವನು, ಮುಪ್ಪಿಗೆ ಬಂದ ಕುದುರೆ, ಮೂವತ್ನಾಲ್ಕು ವರ್ಷ, ಈ ಸೀಸನ್ನಿನಲ್ಲಿ ಒಂದೂ ಗೋಲು ಹೊಡೆದಿಲ್ಲ. ಹೊಡದಾನ್ರೀ ಪಾಪ, ಇವತ್ತ ಹೊಡೀತಾನ ನೋಡ್ರಿ, ನನ್ನ ಮನಸ್ಸ ಹೇಳಾಕತ್ತೈತಿ, ಅಂತ ಪ್ರತಿ ಭಾನುವಾರ ಅವಳು. ಫುಟ್‌ಬಾಲಿನ ಗಂಧಗಾಳಿ ಇಲ್ಲದವಳು. ಇವನಾದರೋ ಬೆಳಗಾವಿಯ ಲೇಲೆ ಮೈದಾನದಲ್ಲಿ ಹದಿನಾರನೆಯ ವರ್ಷಕ್ಕೇ ಲೆಫ್ಟ್ ಬ್ಯಾಕ್ ಆಡಿದವನು, ಆಮೇಲೆ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ಸಾಮಾನು ತಪಾಸಣೆ ಮಾಡಿದವನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ, ಈಗಲೂ ಸೋಮವಾರದಿಂದ ಶುಕ್ರವಾರದವರೆಗೆ ವಿಮಾನ ನಿಲ್ದಾಣದ ಹತ್ತಿರದ ಕಾರ್ಖಾನೆಯಲ್ಲಿ ಅದೇ ಕೆಲಸ, ಬಿರುಕು ಕಂಡಲ್ಲಿ ಕೆಂಪು ಗುರುತು ಹಾಕುವುದು, ಬಿರುಕು ಹುಡುಕುವುದರಲ್ಲಿ ಅವನದು ಎತ್ತಿದ ಕೈ. ಮನೆಯಲ್ಲಿ ಮಾತ್ರ ಮೂರು ಸೂಟ್‌ಕೇಸು ಇದ್ದ ಜಾಗದಲ್ಲಿ ಎರಡಾಗಿದ್ದು ಕಾಣಲಿಲ್ಲ.

ಹನ್ನೊಂದು, ಓಟ, ಕ್ರಾಸು, ನಿಜಲಿಂಗಪ್ಪ, ಎರಡೂ ಕೈ, ಹಿಡಿದ — ಶಾಬಾಸ್ ಮಾಸ್ತರ — ಪಕ್ಕಕ್ಕೆ ನೋಡಬೇಡ, ಪಕ್ಕಕ್ಕೆ ಯಾರೂ ಇಲ್ಲ ನಗಲಿಕ್ಕೆ, ಒತ್ತು, ಒಂದು, ಕೈ, ಹಿಡಿತ. ಗೆದ್ದರೆ ಲಾಂಗ್‌ವಿಕ್ ಮೇಲ್ದರ್ಜೆಯಲ್ಲೇ ಉಳಿಯುತ್ತದೆ, ಸೋತರೂ ಸಮವಾದರೂ ಕೆಳದರ್ಜೆಗೆ ಬೀಳುತ್ತದೆ, ಅಷ್ಟೇ ಲೆಕ್ಕ, ಅರ್ಧ ಸಮಯ ಕಳೆಯಿತು, ಸೊನ್ನೆ ಸೊನ್ನೆ, ಸಂತೋಷಕುಮಾರ ಎದ್ದು ನಿನ್ನೆಯ ಅನ್ನಕ್ಕೆ ಮೊಸರು ಕಲಸಿ ನಿಂತೇ ತಿನ್ನುತ್ತಾನೆ, ಕಿಟಕಿ ನೆಲದ ಮಟ್ಟಕ್ಕಿದೆ, ಆಚೆ ಯಾರದೋ ಬೂಟು, ನಾಯಿಯ ನಾಲ್ಕು ಕಾಲು, ಹೋದವು. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸಿದ್ದರು, ಇಲ್ಲಿ ಇನ್ನೊಂದು ವಾರ ಇತ್ತು, ಅದು ತಲೆಯಲ್ಲಿರದೆ ಹನ್ನೊಂದಕ್ಕೇ ಎರಡೂ ದೀಪ ಹಚ್ಚಿ ಕೂತುಬಿಟ್ಟಿದ್ದ, ಮ್ಯಾಚು ಹನ್ನೆರಡಕ್ಕೆ, ಪರದೆಯ ಮೇಲೆ ಖಾಲಿ ಮೈದಾನ, ಬೇಲಿಯ ಮೇಲೊಂದು ಕಡಲಹಕ್ಕಿ, ಮೇಲೆ ಎರಡು ಹೆಸರು ಅಕ್ಕಪಕ್ಕ, ಎದ್ದು ಹೋಗಿ ಬಟ್ಟೆ ಮಡಚಬಹುದಿತ್ತು, ಮಡಚಲಿಲ್ಲ, ಒಂದು ತಾಸು ಹಾಗೇ ಕೂತಿದ್ದ, ಹೇಳಿಕೊಳ್ಳಲು ನಾಚಿಕೆ ಆದರೆ ಈ ಮೂರು ತಿಂಗಳಲ್ಲಿ ಅದೊಂದೇ ತಾಸು ಹಿತವಾಗಿತ್ತು. ಸೋಮವಾರದ ರಿಪೋರ್ಟು ಅವಳ ಇಮೇಲಿಗೂ ಹೋಗುತ್ತದೆ, ರಾಜೇಶ್ವರಿ, ನೂರಕ್ಕೆ ತೊಂಬತ್ತೆಂಟು ಪಾಲು ಸರಿ ಅಂತ, ಈಗಿರುವ ಯೂನಿಯನ್‌ವಿಲ್‌ನಲ್ಲಿ ಕೂತು ಅವಳು ತಾನು ಒತ್ತದ ಮ್ಯಾಚಿನ ಶಾಬಾಸ್‌ಗಿರಿ ಓದಿರಬೇಕು ಹತ್ತು ಸಲ, ನನ್ನ ಹೆಸರ ತಗೀರಿ ಅಂತ ಒಂದು ಸಲವೂ ಫೋನು ಮಾಡಲಿಲ್ಲ, ಮಾಡಿಲ್ಲವೆಂದರೆ ಏನರ್ಥ, ತೆಗೆಯಬೇಡ ಅಂತ ಅರ್ಥವೋ, ಏನಾದರೂ ಮಾಡಿಕೋ ಅಂತ ಅರ್ಥವೋ. ಎರಡನೆಯ ಅರ್ಧ ಶುರುವಾಯಿತು, ಲಾಂಗ್‌ವಿಕ್ ಈಗ ಬಲದಿಂದ ಎಡಕ್ಕೆ, ದ್ಯಾಮಣ್ಣ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದಾನೆ — ದ್ಯಾಮಣ್ಣ ಎರಡೂ ಕೈ ಮೇಲೆತ್ತಿ ಓಡುತ್ತಿದ್ದಾನೆ, ಮೂಲೆಯ ಬಾವುಟದ ಕಡೆಗೆ, ಹಿಂದೆ ಯಾರೂ ಇಲ್ಲ — ಅದಲ್ಲ, ಅದು ಜುಲೈ, ಅದು ಬೇಡ ಈಗ, ಐದು, ಬಲಗಾಲು, ಗಿಡ್ಡ.

ಯೂನಿಯನ್‌ವಿಲ್‌ಗೆ ಹೋಗಿದ್ದ ಅವನು ಸೆಪ್ಟೆಂಬರಿನ ಒಂದು ಶನಿವಾರ, ಬಸ್ಸು ಬದಲಿಸಿ ಬದಲಿಸಿ ಎರಡೂವರೆ ತಾಸು, ಅವಳಿರುವುದು ಆಶಾಲತಾಳ ಮನೆಯಲ್ಲಿ, ಕನ್ನಡ ಸಂಘದಲ್ಲಿ ಪರಿಚಯವಾದ ಧಾರವಾಡದ ಹುಡುಗಿ, ಅಣ್ಣಾರ, ರಾಜಕ್ಕ ಕೆಲಸಕ್ಕ ಹೋಗ್ಯಾಳ್ರಿ, ಔಷಧದಂಗಡಿ ಕೌಂಟರಿನ್ಯಾಗ ನಿಲ್ತಾಳ್ರಿ ಈಗ, ಬಂದ ಮ್ಯಾಲ ಹೇಳ್ತೇನ್ರಿ ಅಂತ ಫೋನಿನಲ್ಲಿ ಎಷ್ಟು ಮರ್ಯಾದೆಯಿಂದ ಹೇಳುತ್ತಾಳೆಂದರೆ ಮುಂದೆ ಮಾತೇ ಬೆಳೆಯುವುದಿಲ್ಲ. ಹಳೆಯ ಬೀದಿಯ ಅಂಗಡಿಸಾಲಿನಲ್ಲಿ ನಡೆದ, ಕೊಳದ ಹತ್ತಿರ ಬಾತುಕೋಳಿ ನೋಡಿದ, ಮದುವೆಯ ಫೋಟೋ ತೆಗೆಸಿಕೊಳ್ಳುವ ಚೀನೀ ಜೋಡಿಗೆ ದಾರಿ ಬಿಟ್ಟ, ಔಷಧದಂಗಡಿ ಎದುರಿನ ಬೆಂಚಿನಲ್ಲಿ ಐಸ್‌ಕ್ರೀಮು ಹಿಡಿದು ಕೂತ, ಗಾಜಿನ ಒಳಗೆ ಬಿಳಿ ಕೋಟು ಹಾಕಿದ ರಾಜೇಶ್ವರಿ ಒಬ್ಬ ಮುದುಕನಿಗೆ ಬಾಟಲಿಯ ಮುಚ್ಚಳ ತೆಗೆಯುವುದು ಹೇಗೆಂದು ತೋರಿಸುತ್ತಿದ್ದಳು, ಒತ್ತಿ ತಿರುಗಿಸಬೇಕು, ಒತ್ತಿ, ತಿರುಗಿಸಿ, ಮುದುಕ ನಕ್ಕ, ಅವಳೂ ನಕ್ಕಳು, ಐಸ್‌ಕ್ರೀಮು ಕೈಗೆಲ್ಲ ಇಳಿದಿತ್ತು, ಒಳಗೆ ಹೋಗಿ ಏನೆನ್ನುವುದು, ಬಾ ಅನ್ನಬಹುದು, ಯಾಕ ಹೋದಿ ಅನ್ನುವ ಹಾಗಿಲ್ಲ, ಯಾಕೆಂದು ಗೊತ್ತಿದೆ. ಗೊತ್ತಿಲ್ಲವೆಂದೂ ಅನ್ನಿಸುತ್ತದೆ. ಅಷ್ಟು ಸಣ್ಣ ಸಂಗತಿಗೆ ಯಾರಾದರೂ ಮನೆ ಬಿಡುತ್ತಾರೆಯೇ, ಒಂದು ಚೌಕ, ಫಾರ್ಮಿನಲ್ಲಿ ಒಂದು ಚೌಕ — ಮ್ಯಾಚಿನ ದಾಖಲೆಯಲ್ಲಿ ದೊಡ್ಡ ತಪ್ಪಾದರೆ ಕಂಪನಿಯಿಂದ ಫಾರ್ಮು ಬರುತ್ತದೆ, ಅದರಲ್ಲಿ ಎರಡೇ ಚೌಕ, ತಪ್ಪು ಕೂಗಿದವರದೋ ಒತ್ತಿದವರದೋ, ಒಂದಕ್ಕೆ ಗುರುತು ಹಾಕಬೇಕು, ಕೂಗುವವನ ಹೆಸರಿಗೆ ಎರಡು ತಪ್ಪು ಬಿದ್ದರೆ ಮುಂದಿನ ವರ್ಷ ಮೇಲ್ದರ್ಜೆ ಮ್ಯಾಚು ಕೊಡುವುದಿಲ್ಲ, ಮೂರನೆಯ ಸುತ್ತಿನಲ್ಲೇ ಅವನ ಹೆಸರಿಗೆ ಒಂದು ಬಿದ್ದಿತ್ತು, ಒತ್ತುವವರಿಗೆ ಅಂಥ ಕಟ್ಟಳೆ ಇಲ್ಲ, ಹದಿನಾಲ್ಕನೆಯ ಸುತ್ತಿನ ಆ ಗೋಲು ದ್ಯಾಮಣ್ಣನದಲ್ಲ, ಎದುರಾಳಿ ಡಿಫೆಂಡರಿನ ಮೊಣಕಾಲಿಗೆ ಬಡಿದು ಒಳಗೆ ಹೋದ ಓನ್ ಗೋಲು, ದಾಖಲೆಯಲ್ಲಿ ಒಂಬತ್ತು ಅಂತ ಬಿತ್ತು, ಫಾರ್ಮು ಬಂತು, ಹತ್ತು ನಿಮಿಷದ ಗಡುವು, ಒತ್ತಿದವರು ಎಂಬ ಚೌಕಕ್ಕೆ ಇವನು ಗುರುತು ಹಾಕಿದ, ತಪ್ಪು ಅವಳದೇ ಇತ್ತಲ್ಲ, ಇವನು ಕೂಗಿ ಮುಗಿಸುವ ಮೊದಲೇ ಖುಷಿಗೆ ಒತ್ತಿಬಿಟ್ಟಿದ್ದಳು, ಅವಳಿಗೆ ದ್ಯಾಮಣ್ಣನ ಮೇಲೆ ಜೀವ. ಸೋಮವಾರ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಫೋನು ನೋಡಿ ಕೇಳಿದಳು, ಹೌದೇನ್ರಿ, ನಂದ ತಪ್ಪ? ಬರೇ ಒಂದ ಬಾಕ್ಸ್ ಐತಿ ಅದ, ತಲಿ ಕೆಡಿಸ್ಕೋಬ್ಯಾಡ, ಅಂದ ಇವನು. ಬಾಕ್ಸಿಗೇನ ಬಿಡ್ರಿ, ಅಂದಳು, ರೊಟ್ಟಿ ತಿರುವಿ ಹಾಕಿದಳು. ಆರು ವಾರ ಒಂದೂ ತಪ್ಪಿಲ್ಲದೆ ಒತ್ತಿದಳು, ಆಗಸ್ಟಿನ ಕೊನೆಯ ಭಾನುವಾರ ಮ್ಯಾಚು ಮುಗಿದು ತನ್ನ ಲ್ಯಾಪ್‌ಟಾಪು ಮುಚ್ಚಿ, ಮ್ಯಾಚ್ ಮುಗೀತಲ್ರಿ, ಇನ್ನ ನಾ ಹೊಂಡ್ತೇನಿ, ಅಂದಳು, ಅಂಗಡಿಗೆ ಅಂದುಕೊಂಡ ಇವನು, ಬರ್ತಾ ಹಾಲು ತಗೊಂಡ ಬಾ ಅಂದ.

ಹಾಲು ಅಂದೆನಲ್ಲ — ಎಂಬತ್ತೊಂದನೆಯ ನಿಮಿಷ, ಬದಲಿ ಆಟಗಾರ, ಹನ್ನೊಂದು ಹೊರಗೆ, ಒಂಬತ್ತು ಒಳಗೆ, ದ್ಯಾಮಣ್ಣ ಕಂಬಳಿ ಬಿಸಾಕಿ ಬಂದ ನೋಡು ರಾಜಿ — ಎಂದು ಮೈಕಿಗೆ ಹೇಳಿಯೇಬಿಟ್ಟ, ಹೇಳಿದ್ದು ತನ್ನ ಕಿವಿಗೇ ಬಿತ್ತು, ಒತ್ತು, ಒಂಬತ್ತು ಒಳಗೆ, ಹಿಮ ಜೋರಾಗಿದೆ, ಗೆರೆಗಳು ಮುಚ್ಚಿ ಹೋಗಿವೆ, ಇಬ್ಬರು ಪೊರಕೆ ಹಿಡಿದು ಗೆರೆ ಗುಡಿಸುತ್ತಿದ್ದಾರೆ, ತೊಂಬತ್ತು, ಮೇಲೆ ಐದು ನಿಮಿಷ, ಕಾರ್ನರು, ನಿಜಲಿಂಗಪ್ಪನೂ ಗೋಲು ಬಿಟ್ಟು ಮುಂದೆ ಬಂದ, ಹೋಗ್ರಿ ಮಾಸ್ತರ, ಒಂದ್ ಸಲಾರೆ ಕೆಲಸ ಮಾಡ್ರಿ, ಚೆಂಡು ಬಂತು, ಒಂಬತ್ತು, ತಲೆ, ಯಾರೂ ಅಡ್ಡವಿಲ್ಲ, ಖಾಲಿ ಬಿದ್ದಿದೆ ಅರ್ಧ ಗೋಲು, ಒಂಬತ್ತು, ತಲೆ — ಮೇಲೆ. ಅಡ್ಡಪಟ್ಟಿಯ ಮೇಲಿಂದ ಮೀನಿನ ಕಾರ್ಖಾನೆಗೆ. ಸೀಟಿ ಊದಿದರು. ಲಾಂಗ್‌ವಿಕ್ ಕೆಳಗೆ ಬಿತ್ತು, ಆಟಗಾರರು ಹಿಮದಲ್ಲೇ ಕೂತರು, ದ್ಯಾಮಣ್ಣ ಕೂರಲಿಲ್ಲ, ನೆಲ ನೋಡುತ್ತ ನಿಂತ, ಕ್ಯಾಮೆರಾದವನು ಈಗ ಗಾಜು ಒರೆಸಿದ, ಈಗ ಒರೆಸಿ ಏನು ಉಪಯೋಗ, ಪ್ರಸಾರ ನಿಂತು ಪರದೆ ಕಪ್ಪಾಯಿತು, ಮುಂದಿನ ವರ್ಷ ಮೇಲ್ದರ್ಜೆಯಲ್ಲಿ ಈ ಊರಿಲ್ಲ, ಈ ದೋಣಿಯಿಲ್ಲ, ಸಂತೋಷಕುಮಾರ ಕಪ್ಪು ಪರದೆ ನೋಡುತ್ತ ಕೂತ, ಎಲ್ಲಿಯ ಲಾಂಗ್‌ವಿಕ್, ಎಲ್ಲಿಯ ಬೆಳಗಾವಿ, ತನಗೇನು ಸಂಬಂಧ, ಆದರೂ ಕೂತ. ಫೋನು ರಿಂಗಾಯಿತು, ಧಡಕ್ಕನೆ ಎತ್ತಿಕೊಂಡ, ರಾಜೇಶ್ವರಿಯಲ್ಲ, ಕಂಪನಿಯ ಸೂಪರ್‌ವೈಸರ್ ಭುವನ್, ಮೈಸೂರಿನವನು, ಇವನಿಗಿಂತ ಹದಿನೈದು ವರ್ಷ ಚಿಕ್ಕವನು, ಸಾರ್ ಸೂಪರ್ ಸೀಸನ್ ಸಾರ್, ಮೂವತ್ತಕ್ಕೆ ಮೂವತ್ತು ಮ್ಯಾಚ್ ಮಾಡಿರೋ ಜೋಡಿ ನಿಮ್ದೊಂದೇ, ಮೇಡಂಗೂ ಹೇಳ್ಬಿಡಿ, ಏಪ್ರಿಲ್‌ನಲ್ಲಿ ನಿಮಗೆ ಒಳ್ಳೇ ಟೀಮ್ ಹಾಕಿಸ್ತೀನಿ. ಹೇಳ್ತೇನಿ, ಅಂದ ಸಂತೋಷಕುಮಾರ, ಇಲ್ಲೇ ಅದಾಳ, ಅಡಿಗಿ ಮಾಡಾಕತ್ಯಾಳ, ಅಂತಲೂ ಅಂದ, ಕೇಳದಿದ್ದರೂ ಅಂದ. ಇನ್ನೊಂದು ಸಾರ್, ಐದು ಗಂಟೆಗೆ ಸೀಸನ್ ಲಾಕ್ ಆಗತ್ತೆ, ಆಮೇಲೆ ಯಾವ ತಿದ್ದುಪಡಿನೂ ಆಗಲ್ಲ, ವಾಯ್ಸ್ ರೆಕಾರ್ಡಿಂಗ್ ಎಲ್ಲಾ ಅಳಿಸಿಬಿಡ್ತಾರೆ, ಏನಾದ್ರೂ ಬಾಕಿ ಇದ್ರೆ ಅಷ್ಟರೊಳಗೆ ನೋಡ್ಕೊಂಡ್ಬಿಡಿ.

ಅಳಿಸಿಬಿಡುತ್ತಾರೆ, ಹೌದು, ಏನಾದರೂ ತಕರಾರು ಬಂದರೆ ಇರಲಿ ಅಂತ ಕೂಗಿದ್ದನ್ನೆಲ್ಲ ಇಟ್ಟುಕೊಂಡಿರುತ್ತಾರೆ, ಇವನ ಧ್ವನಿಯನ್ನು ಅಳಿಸಿದರೆ ಅಳಿಸಲಿ, ಅದನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕು — ಆದರೆ ಆ ಮೈಕು ಇಬ್ಬರ ನಡುವೆ ಇತ್ತಲ್ಲ, ದ್ವಾಣಿ ಬಂತು ನೋಡ್ರಿ ಅಂದದ್ದು ಅದರೊಳಗಿರಬೇಕಲ್ಲ. ಹುಡುಕಿದ. ಮೊದಲ ಸುತ್ತು, ಇವನದೇ ಒದರಾಟ. ಐದನೆಯ ಸುತ್ತು, ಒಂದು ಕೆಮ್ಮು, ಅವಳದೇ, ಮತ್ತೆ ಹಾಕಿ ಕೇಳಿದ, ಕೆಮ್ಮನ್ನೇ ಮೂರು ಸಲ ಕೇಳಿದ. ಎಂಟನೆಯದು ಮೇ ಹದಿನಾರರದು, ಮಾರನೆಯ ದಿನ ಅವರ ರಾಷ್ಟ್ರೀಯ ಹಬ್ಬ, ಗ್ಯಾಲರಿ ತುಂಬಾ ಬಾವುಟ, ಅದರಲ್ಲೂ ಬಳೆಯ ಸದ್ದಷ್ಟೇ, ಕೆಲಸದ ಹೊತ್ತಿನಲ್ಲಿ ಅವಳು ಬಾಯಿ ಬಿಟ್ಟದ್ದೇ ಕಡಿಮೆ, ಬಿಟ್ಟರೆ ಸುಮ್ಮನಿರು ಅಂತ ಇವನು ಗದರಿದ್ದೂ ಅದರಲ್ಲಿದೆ, ಸುಮ್ನಿರ, ಸುಮ್ನಿರ ಅಂದೆ, ಹೀಗೆ ಗದರಿದ್ದು ನೆನಪೇ ಇಲ್ಲ, ಎಷ್ಟು ಕೆಟ್ಟದಾಗಿದೆ ಈ ಧ್ವನಿ. ನಾಲ್ಕು ಹೊಡೆಯಿತು, ಹೊರಗೆ ಬೆಳಕು ಇಳಿಯುತ್ತಿದೆ, ಅವಳು ನಕ್ಕದ್ದು ಯಾವಾಗ, ಗಟ್ಟಿಯಾಗಿ, ಕುರ್ಚಿಯಿಂದ ಎದ್ದು ನಕ್ಕದ್ದು ಒಂದೇ ಸಲ, ಯಾವ ಸುತ್ತೆಂದು ಗೊತ್ತಿದೆ, ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹುಡುಕುತ್ತಿದ್ದಾನೆ ಮೂರು ತಾಸಿನಿಂದ. ನಾಲ್ಕೂ ಇಪ್ಪತ್ತಕ್ಕೆ ಹದಿನಾಲ್ಕನೆಯ ಸುತ್ತು ತೆರೆದ. ಜುಲೈ, ಸಂಜೆ ಆರೂವರೆಗೂ ಮಧ್ಯಾಹ್ನದ ಬಿಸಿಲು ಅಲ್ಲಿ, ನೀರು ಹೊಳೆಯುತ್ತಿದೆ, ಕಾರ್ನರಿನಿಂದ ಚೆಂಡು ಬಂತು, ಗುಂಪು, ಕಾಲು ಕಾಲು, ಬಲೆ ಅಲುಗಿತು, ಹೊಡದಾ! ದ್ಯಾಮಣ್ಣ! ಒಂಬತ್ತು, ಗೋಲ್! — ಇವನ ಧ್ವನಿ — ಅಯ್ಯ ಶಿವನ, ಅಂತೂ ಹೊಡದನಲ್ರೀ ನಮ್ಮ ದ್ಯಾಮಣ್ಣ, ಅಂತ ಅವಳು, ನಗು, ಅದೇ ನಗು, ಕುರ್ಚಿ ಹಿಂದಕ್ಕೆ ಸರಿದ ಸದ್ದು, ಸಂತೋಷಕುಮಾರ ಕಣ್ಣು ಮುಚ್ಚಿ ಕೇಳುತ್ತಾನೆ, ಇಷ್ಟೇ ಬೇಕಿತ್ತು, ಇಷ್ಟೇ ಸಾಕು — ನಗು ನಿಂತಿತು, ಆಮೇಲೆ ಅವಳದೇ ಧ್ವನಿ, ಸಣ್ಣಗೆ, ರೀ, ಆ ಬಿಳಿ ಅಂಗಿಯವನ ಕಾಲಿಗೆ ಬಡದಂಗಿತ್ತು, ಖರೇನ ಅವಂದ ಏನ್ರೀ? ಒತ್ಲೋ ಬ್ಯಾಡೋ? ನಿನಗೇನ ತಿಳೀತೈತಿ, ಒತ್ತ, ಒಂಬತ್ತ ಒತ್ತ, ಅಂತ ಇವನು. ಕೀಲಿಮಣೆಯ ಸದ್ದು, ಒಂದೇ ಸಲ.

ಕೇಳಿದ್ದಳು. ಅವಳು ಕೇಳಿದ್ದಳು. ಮತ್ತೆ ಹಾಕಿದ, ಹಾಕಿದರೂ ಅದೇ, ರೆಕಾರ್ಡು ಇವನ ಮಾತು ಕೇಳಿ ಬದಲಾಗುತ್ತದೆಯೇ, ಖರೇನ ಅವಂದ ಏನ್ರೀ, ಒತ್ಲೋ ಬ್ಯಾಡೋ, ಕೂಗಿ ಮುಗಿಸುವ ಮೊದಲೇ ಒತ್ತಿದಳು ಅಂತ ನಾಲ್ಕು ತಿಂಗಳಿಂದ ಇವನ ತಲೆಯೊಳಗೆ ಒಂದು ರಾಜೇಶ್ವರಿ ಒತ್ತುತ್ತಲೇ ಇದ್ದಾಳಲ್ಲ, ಅವಳನ್ನು ಯಾರು ಕೂರಿಸಿದರು ಅಲ್ಲಿ. ಆಟ ಬಿಟ್ಟು ಕಣ್ಣು ತೆಗೆಯದ ಇವನಿಗೆ ಕಾಣದ ಮೊಣಕಾಲು ಕಣ್ಣೆತ್ತಬಾರದಿದ್ದ ಅವಳಿಗೆ ಕಂಡಿತ್ತು. ಪರದೆಯ ಮೇಲೆ ದ್ಯಾಮಣ್ಣ ಓಡುತ್ತಿದ್ದಾನೆ, ಎರಡೂ ಕೈ ಮೇಲೆತ್ತಿ, ಮೂಲೆಯ ಬಾವುಟದ ಕಡೆಗೆ, ಉಳಿದ ಹತ್ತು ಮಂದಿಗೆ ಗೊತ್ತು ಅದು ಅವನದಲ್ಲವೆಂದು, ನಿಂತಲ್ಲೇ ಚಪ್ಪಾಳೆ ತಟ್ಟಿ ತಿರುಗುತ್ತಿದ್ದಾರೆ, ಅವನಿಗೊಬ್ಬನಿಗೆ ಗೊತ್ತಿಲ್ಲ — ನಿಲ್ಲಿಸು, ನಿಲ್ಲಿಸಿದ. ನಿಲ್ಲಿಸಿದರೆ ಇನ್ನೊಂದು ಕೋಣೆ ತೆರೆದುಕೊಳ್ಳುತ್ತದೆ, ಬೆಳಗಾವಿ, ಮದುವೆಯಾಗಿ ನಾಲ್ಕನೆಯ ವರ್ಷ, ಮಕ್ಕಳಾಗಿರಲಿಲ್ಲ, ಡಾಕ್ಟರು ಇವನನ್ನೊಬ್ಬನನ್ನೇ ಒಳಗೆ ಕರೆದು ನಿಮ್ಮ ಮಿಸೆಸ್‌ಗೆ ಏನೂ ತೊಂದರೆ ಇಲ್ರಿ, ರಿಪೋರ್ಟು ನಿಮ್ಮದ ಸರಿ ಇಲ್ಲ ಅಂದದ್ದು, ಹೊರಗೆ ಬೆಂಚಿನ ಮೇಲೆ ಕೂತ ರಾಜೇಶ್ವರಿಗೆ ಇವನು ಹೇಳಿದ್ದು, ಅವಳೊಬ್ಬಳಿಗೇ ಹೇಳಿದ್ದು, ಹೇಳಿದಾಗ ಅವಳು ಕೈ ಹಿಡಿದು, ಇರ್ಲಿ ಬಿಡ್ರಿ, ಅಂದದ್ದು, ಮನೆಗೆ ಬಂದರೆ ಅವ್ವ ನಡುಮನೆಯಲ್ಲಿ, ನಾಲ್ಕು ಮಂದಿ ನೆಂಟರು, ಏನಂದ್ರೋ ಡಾಕ್ಟರ್, ಯಾರ್ದ ದೋಷ ಅಂತ — ಇವನು ಬಾಯಿ ಬಿಡಲಿಲ್ಲ, ಸುಳ್ಳು ಹೇಳಲಿಲ್ಲ, ಏನೂ ಹೇಳಲಿಲ್ಲ, ಚಪ್ಪಲಿ ಕಳಚುತ್ತ ರಾಜೇಶ್ವರಿಯ ಕಡೆ ಒಂದು ಸಲ ನೋಡಿದ, ಅಷ್ಟೇ, ಎಲ್ಲರೂ ಅವಳ ಕಡೆ ನೋಡಿದರು, ವರ್ಷಗಟ್ಟಲೆ ಅವಳ ಕಡೆಯೇ ನೋಡಿದರು, ಅವ್ವ ಸಾಯುವ ತನಕ ನೋಡಿದಳು, ಅವಳು ಒಂದು ದಿನವೂ ಅಲ್ಲ ಅನ್ನಲಿಲ್ಲ, ಸಮುದ್ರ ದಾಟಿ ಬಂದ ಮೇಲೆ ಅದು ಮುಗಿಯಿತು ಅಂದುಕೊಂಡಿದ್ದಳೇನೋ, ಇಲ್ಲಿ ನೋಡುವವರು ಯಾರೂ ಇಲ್ಲವಲ್ಲ ಅಂತ. ಹೌದೇನ್ರಿ, ನಂದ ತಪ್ಪ? ರೊಟ್ಟಿ ಬಡಿಯುತ್ತ ಅವಳು ಕೇಳಿದ್ದು ಯಾವ ತಪ್ಪನ್ನು, ಬರೇ ಒಂದ ಬಾಕ್ಸ್ ಐತಿ ಅಂತ ಇವನು ಹೇಳಿದ್ದು ಯಾವುದಕ್ಕೆ. ಸಂತೋಷಕುಮಾರನಿಗೆ ಅಳು ಬಂತು, ಮೇಲೆ ಆಂಟಿಗೆ ಕೇಳಿಸೀತೆಂದು ತೋಳು ಕಚ್ಚಿಕೊಂಡು ಅತ್ತ.

ನಾಲ್ಕೂ ಮೂವತ್ತೆಂಟು. ಫಾರ್ಮು ತೆರೆದ, ಹದಿನಾಲ್ಕನೆಯ ಸುತ್ತು, ಐವತ್ತಾರನೆಯ ನಿಮಿಷ, ತಪ್ಪು ಯಾರದು, ಒತ್ತಿದವರು ಎಂಬ ಚೌಕದಿಂದ ಗುರುತು ತೆಗೆದು ಕೂಗಿದವರು ಎಂಬ ಚೌಕಕ್ಕೆ ಹಾಕಿದ, ಕಾರಣ ಬರೆಯಲು ಒಂದು ಗೆರೆಯಷ್ಟು ಜಾಗ, ಆಕಿ ಕೇಳಿದ್ಲು, ನಾನ ಒತ್ತ ಅಂದೆ, ಎಂದು ಕನ್ನಡದಲ್ಲೇ ಬರೆದ, ಭುವನ್‌ಗೆ ಅರ್ಥವಾಗುತ್ತದೆ, ಏಪ್ರಿಲ್ಲಿನ ಒಳ್ಳೆಯ ಟೀಮು ಹೋಯಿತು, ಹೋಗಲಿ, ಹಾಕಿದ ಗುರುತು ಬದಲಿಸಲು ಒಪ್ಪಿಗೆ ಬೇಕು ಅಂತಿದೆ ಫಾರ್ಮು, ಇನ್ನೊಬ್ಬರ ಒಪ್ಪಿಗೆ, ಪಕ್ಕದ ಲ್ಯಾಪ್‌ಟಾಪಿನಲ್ಲಿ ರಾಜೇಶ್ವರಿಯ ದೀಪ ಹತ್ತಿಯೇ ಇದೆ, ಒಪ್ಪಿಗೆ ಎಂಬ ಗುಂಡಿಯೂ ಅಲ್ಲೇ ಬಂದಿದೆ, ಬೆರಳಿನಷ್ಟು ದೂರ, ಹತ್ತು ಮ್ಯಾಚು ಒತ್ತಿದ ಬೆರಳು ತಾನಾಗಿ ಹೋಯಿತು ಅದರ ಮೇಲೆ — ಅವಳ ಪರವಾಗಿ ಒಪ್ಪಿಕೊಂಡು ಬಿಟ್ಟರೆ ಮುಗಿಯಿತು, ಅವಳ ಪರವಾಗಿ ಸುಮ್ಮನಿದ್ದ ಹಾಗೆಯೇ. ಕೈ ಹಿಂದೆಗೆದ. ಅವಳ ಹೆಸರಿನಿಂದ ಹೊರಬಂದ. ಹಸಿರು ದೀಪ ಆರಿತು, ಹದಿಮೂರು ವಾರದಲ್ಲಿ ಮೊದಲ ಸಲ ಆ ಹೆಸರು ಬೂದಿಬಣ್ಣಕ್ಕೆ ತಿರುಗಿತು, ಈಗ ಅವಳ ಫೋನಿಗೆ ಇಮೇಲು ಹೋಗಿರುತ್ತದೆ, ತೆರೆದರೆ ಆ ರೆಕಾರ್ಡಿಂಗಿನ ತುಣುಕೂ ಕೇಳಿಸುತ್ತದೆ ಅವಳಿಗೆ, ಭಾನುವಾರ, ಕೆಲಸವಿಲ್ಲ, ಮಲಗಿರಬಹುದು, ಆಶಾಲತಾಳ ಜೊತೆ ಅಂಗಡಿಗೆ ಹೋಗಿರಬಹುದು, ಫೋನು ಮನೆಯಲ್ಲೇ ಬಿಟ್ಟಿರಬಹುದು, ನಾಲ್ಕೂ ನಲವತ್ತೊಂದು, ಐದರೊಳಗೆ ನೋಡದಿದ್ದರೆ ಅವಳ ಹೆಸರಿನಲ್ಲೇ ಉಳಿಯುತ್ತದೆ ತಪ್ಪು, ಶಾಶ್ವತವಾಗಿ, ಫೋನು ಮಾಡಿ ನೋಡು ಅನ್ನಲೇ, ಅದೂ ಒತ್ತು ಅಂದ ಹಾಗೇ ಆಗುತ್ತದೆ, ಬೇಡ, ಫೋನನ್ನು ಮೇಜಿನ ಮೇಲಿಟ್ಟ, ಮುಖ ಮೇಲೆ ಮಾಡಿ ಇಟ್ಟ, ಅವಳೇ ಮಾಡಿದರೆ ಗೊತ್ತಾಗಲಿ, ಮಾಡಿದರೆ ಏನೆನ್ನುವುದು, ಬಾ ಅನ್ನುವುದಿಲ್ಲ, ಅವ್ವನ ಮುಂದೆ ಹೇಳಬೇಕಾದದ್ದನ್ನು ಹೇಳುತ್ತೇನೆ, ಮೊದಲು ಅದನ್ನು. ನಾಲ್ಕೂ ನಲವತ್ತೈದು. ದೀಪ ಹತ್ತಿತು. ಅವಳ ಹೆಸರಿನ ಪಕ್ಕದಲ್ಲಿ, ಹಸಿರು, ಇವನು ಹಚ್ಚಿದ್ದಲ್ಲ — ಬೆರಳು ಸುಟ್ಟವನ ಹಾಗೆ ಎರಡೂ ಕೈ ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ, ಅಲ್ಲಿದ್ದಾಳೆ, ನಲವತ್ತು ಕಿಲೋಮೀಟರಿನಾಚೆ ಅದೇ ಪರದೆಯ ಮುಂದೆ ಕೂತಿದ್ದಾಳೆ, ಕೇಳುತ್ತಿದ್ದಾಳೆ, ತನ್ನ ನಗು ಕೇಳುತ್ತಿದ್ದಾಳೆ, ತನ್ನ ಪ್ರಶ್ನೆ ಕೇಳುತ್ತಿದ್ದಾಳೆ, ಮಾತಾಡು ರಾಜಿ, ಏನಾದರೂ ಬರಿ, ಬೈ, ಬರೆಯಲು ಜಾಗವಿದೆ ಅಲ್ಲಿ. ಪರದೆಯ ಮೇಲೆ ಒಂದು ಪದ ಬಂತು, ಅಗ್ರೀಡ್. ಬರೆಯುವ ಜಾಗ ಖಾಲಿ. ದೀಪ ಆರಿತು. ತಿದ್ದುಪಡಿ ಸ್ವೀಕರಿಸಲಾಗಿದೆ ಎಂದಿತು ಕಂಪನಿ, ತುಣುಕನ್ನು ಮುಚ್ಚಲಾಗಿದೆ ಎಂದಿತು, ಒತ್ತಿ ನೋಡಿದ, ತೆರೆಯಲಿಲ್ಲ, ನಗುವೂ ಅದರೊಳಗೇ ಹೋಯಿತು, ಫೋನಿನ ಕಡೆ ನೋಡಿದ, ಫೋನು ಸುಮ್ಮನಿತ್ತು, ನಾಲ್ಕೂ ಐವತ್ತು, ಐವತ್ತೈದು, ಐದು, ಸುಮ್ಮನೇ ಇತ್ತು, ಕಿಟಕಿ ಕಪ್ಪಾಯಿತು, ದೀಪ ಹಾಕಲು ಏಳಬೇಕು, ಏಳುತ್ತೇನೆ, ಕುರ್ಚಿಯ ಮೇಲಿನ ಬಟ್ಟೆ ಮಡಚಬೇಕು, ಒಪ್ಪಿಕೊಂಡಳು, ಅವಳು ಒಪ್ಪಿಕೊಂಡದ್ದು ನನ್ನ ತಪ್ಪನ್ನು, ನನ್ನನ್ನಲ್ಲ, ಸರಿಯೇ ಅದು, ಸರಿ, ಮುಚ್ಚಿದ ತುಣುಕು ಕಣ್ಣೊಳಗೆ ನಡೆದೇ ಇದೆ, ಜುಲೈಯ ಬಿಸಿಲು, ಹೊಳೆಯುವ ನೀರು, ದ್ಯಾಮಣ್ಣ ಓಡುತ್ತಿದ್ದಾನೆ, ಎರಡೂ ಕೈ ಮೇಲೆ, ಮೂಲೆಯ ಬಾವುಟದ ಕಡೆಗೆ, ಹಿಂದೆ ಯಾರೂ ಇಲ್ಲ, ಓಡುತ್ತಿದ್ದಾನೆ, ಎರಡೂ ಕೈ ಮೇಲೆ, ಹಿಂದೆ ಯಾರೂ ಇಲ್ಲ, ಅವನಿನ್ನೂ ತಿರುಗಿ ನೋಡಿಲ್ಲ